ಸಕ್ಕರೆ ಹಾಕದೆ ಕೊಟ್ಟ ಕಾಫಿ

ಕೊನ್ಯಿತ್ಸ್
೧೪ ಅಕ್ಟೋಬರ್ ೨೦೧೮, ಭಾನುವಾರ

ಪ್ರೀತಿಯ ನಫಿಯಾ ಅಕ್ಕನಿಗೆ,

ಮಂಡಿನೋವು ಹೇಗಿದೆ? ಹೋದ ಕಾಗದದಲ್ಲಿ ನೀನು ಮೆಟ್ಟಿಲು ಇಳಿಯುವಾಗ ಮಾತ್ರ ನೋವು ಎಂದು ಬರೆದಿದ್ದೆ, ಅದರ ಹಿಂದಿನದರಲ್ಲಿ ಹತ್ತುವಾಗ ಮಾತ್ರ ಎಂದು ಬರೆದಿದ್ದೆ. ಎರಡನ್ನೂ ಕೂಡಿಸಿಕೊಂಡರೆ ನೀನು ಮನೆ ಬಿಟ್ಟು ಹೊರಗೇ ಹೋಗುತ್ತಿಲ್ಲ ಎಂದು ನನಗೆ ಅರ್ಥವಾಗುವುದಿಲ್ಲವೇನೇ? ಮಗ ಕಿವಿಗೆ ಯಂತ್ರ ಕೊಡಿಸಿದ್ದಾನಂತೆ, ನೀನು ಅದನ್ನು ಬೀರುವಿನಲ್ಲಿ ಬಟ್ಟೆಯ ಅಡಿ ಇಟ್ಟಿದ್ದೀಯಂತೆ. ಸೊಸೆ ಮಾತಾಡುವುದು ಕೇಳಿಸದಿದ್ದರೇ ಮನೆಯಲ್ಲಿ ನೆಮ್ಮದಿ ಎನ್ನುತ್ತೀಯಲ್ಲ, ಆಯಿತು, ಅದು ನಿನ್ನ ಮನೆಯ ವಿಷಯ. ಆದರೆ ನಾನು ಫೋನ್ ಮಾಡಿದಾಗಲಾದರೂ ಹಾಕಿಕೊಳ್ಳಬಾರದೇ? ನೀನು ಆ ಕಡೆಯಿಂದ "ಹಾಂ? ಹಾಂ?" ಎನ್ನುವುದು, ನಾನು ಈ ಕಡೆಯಿಂದ ಗಂಟಲು ಹರಿದುಕೊಳ್ಳುವುದು, ಗೋಡೆಯಾಚೆ ಶೆಫಿಕಾ ಕಿವಿ ನಿಮಿರಿಸಿ ಕೂತಿರುವುದು. ಇವತ್ತು ಹೇಳಬೇಕಾಗಿರುವುದು ಕೂಗಿ ಹೇಳುವಂಥದ್ದಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ತೆಗೆದು, ಜಾಡಿ ತುಂಬಿಸಿಟ್ಟಾಯಿತು. ಬೆರಳು ಇನ್ನೂ ಚುರುಚುರು ಎನ್ನುತ್ತಿದೆ. ಪ್ಲಮ್ ಹಣ್ಣು ಈ ಸಲ ಮರ ಮುರಿಯುವಷ್ಟು ಬಿಟ್ಟಿತ್ತು. ಮಗಳು ಸೆನಾದಾ ಮೋಸ್ತಾರ್‌ನಿಂದ ಮಕ್ಕಳನ್ನು ಕರೆದುಕೊಂಡು ಬಂದು ಎರಡು ಬುಟ್ಟಿ ಒಯ್ದಳು. ಶೆಫಿಕಾ ಹೇಗಿದ್ದಳೋ ಹಾಗೇ ಇದ್ದಾಳೆ, ಪಕ್ಕದ ಮನೆಯಲ್ಲಿದ್ದರೂ ನಮ್ಮ ಮನೆಯಲ್ಲೇ ಇರುತ್ತಾಳೆ. ಮುರಾದಿಫ್ ಭಾವನ ಸಮಾಧಿಯ ಸುತ್ತ ಹುಲ್ಲು ಕಿತ್ತು, ಕಲ್ಲು ತೊಳೆದು ಬಂದಿದ್ದೇನೆ. ಅದರ ಚಿಂತೆ ಬಿಡು.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ಕಾಫಿಯದು. ನಗಬೇಡ. ರಾಸಿಮ್ ತೀರಿಕೊಂಡು ಈ ಚಳಿಗಾಲಕ್ಕೆ ಆರು ವರ್ಷವಾಗುತ್ತದೆ. ಗಂಡನಾಗಿ ಒಳ್ಳೆಯ ಮನುಷ್ಯ, ನಾನು ಅವನ ಬಗ್ಗೆ ಕೆಟ್ಟದ್ದು ಆಡುವವಳಲ್ಲ. ಆದರೆ ಆ ಮನೆಯಲ್ಲಿ ಕಾಫಿ ಎಂದರೆ ಅತ್ತೆಯ ಕಾಫಿ. ಬೀಜ ಇದ್ದಿಲಾಗುವ ತನಕ ಹುರಿಯಬೇಕು, ಉಕ್ಕಿ ಬಂದದ್ದನ್ನು ಮತ್ತೆ ಉಕ್ಕಿಸಿ ಮತ್ತೆ ಉಕ್ಕಿಸಿ ನೊರೆಯೆಲ್ಲ ಸಾಯಿಸಬೇಕು, ಹಾಲಿನ ಹೆಸರು ಎತ್ತಬಾರದು, ಹಾಲು ಮಕ್ಕಳಿಗೆ ಮತ್ತು ರೋಗಿಗಳಿಗೆ. ಅತ್ತೆ ಹೋದರು, ಮಾವ ಹೋದರು, ರಾಸಿಮ್ ಹೋದ. ಆಮೇಲೂ ನಾನು ದಿನಾ ಬೆಳಿಗ್ಗೆ ಎದ್ದು ಅದೇ ಕರಿ ಕಷಾಯ ಕುದಿಸಿಕೊಂಡು ಒಬ್ಬಳೇ ಕೂತು ಕುಡಿಯುತ್ತಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಒಂದು ದಿನ ರಕ್ತದ ಒತ್ತಡ ತೋರಿಸಿಕೊಂಡು ಬರುವಾಗ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಹಳೆ ಸೇತುವೆಯ ಬುಡದಲ್ಲಿ ಹೊಲಿಯುವವನ ಹತ್ತಿರ ಕೊಟ್ಟೆ. ಅರ್ಧ ಗಂಟೆ ಬೇಕು ಅಂದ. ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಬರೀ ಕಾಲುಚೀಲ. ಎಲ್ಲಿಗೆ ಹೋಗಲಿ? ಪಕ್ಕದಲ್ಲೇ ಮೊದಲು ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದ ಶೆಡ್ ಇತ್ತಲ್ಲ, ಅದು ಈಗ ಕಾಫಿ ಅಂಗಡಿ. ರಿಪೇರಿಯವನು ಹೋದ ಮೇಲೆ ಅವನ ಅಣ್ಣ ನೆಜೀಬ್ ತೆರೆದದ್ದು. ನಿನಗೆ ನೆನಪಿದ್ದೇ ಇರುತ್ತದೆ, ರೈಲು ಓಡಿಸುತ್ತಿದ್ದ ನೆಜೀಬ್. ನಮ್ಮ ಓಣಿಯ ಹಿಂದೆ ರೈಲು ಬರುವಾಗ ಬೇಕೆಂದೇ ಉದ್ದಕ್ಕೆ ಸಿಳ್ಳೆ ಹೊಡೆಸುತ್ತಿದ್ದನಲ್ಲ, ಓಣಿಯ ಹುಡುಗಿಯರೆಲ್ಲ ಅದು ತಮಗೇ ಎಂದುಕೊಳ್ಳುತ್ತಿದ್ದರಲ್ಲ, ಅವನೇ. ಈಗ ಎಪ್ಪತ್ತು ದಾಟಿದೆ. ಹೆಂಡತಿ ಹೋಗಿ ಬಹಳ ಕಾಲವಾಯಿತು.

ಮನೆಯಲ್ಲಿ ಡಬ್ಬಿ ತುಂಬ ಕಾಫಿ ಪುಡಿ ಇಟ್ಟುಕೊಂಡು ಹೊರಗೆ ದುಡ್ಡು ಕೊಟ್ಟು ಕುಡಿಯುವುದೆಂದರೆ ನಮ್ಮ ಕಾಲದವರಿಗೆ ಎಷ್ಟು ಸಂಕೋಚ, ನಿನಗೇ ಗೊತ್ತು. ಅಮ್ಮ ಇದ್ದಿದ್ದರೆ ಆ ಹರಿದ ಚಪ್ಪಲಿಯಲ್ಲೇ ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದಳು. ಆದರೂ ಒಳಗೆ ಹೋದೆ. ಒಂದು ಕಟ್ಟಿಗೆ ಒಲೆ, ಅದರ ಮೇಲೆ ಕಾದ ಮರಳಿನ ತಟ್ಟೆ, ಮೂಲೆಯಲ್ಲಿ ನನ್ನ ಸೊಂಟದೆತ್ತರದ ಮರದ ಒರಳು, ಗೋಡೆಯ ಮೊಳೆಗಳಿಗೆ ಚಿಕ್ಕದು ದೊಡ್ಡದು ಹತ್ತಾರು ತಾಮ್ರದ ಹಿಡಿಪಾತ್ರೆಗಳು. ಒಂದರಂತೆ ಇನ್ನೊಂದು ಕುರ್ಚಿಯಿಲ್ಲ. ಇನ್ನೂ ಗ್ರೀಸಿನ ವಾಸನೆ ಎಲ್ಲೋ ಇದೆ. ನಾನು ಕೂತೆ. ಯಾರೂ ಬರಲಿಲ್ಲ. ಕೊನೆಗೆ ನಾನೇ ಕೂಗಿದೆ, "ರೀ, ಒಂದು ಕಾಫಿ ಕೊಡ್ತೀರಾ?" ನೆಜೀಬ್ ಒಲೆಯ ಹಿಂದಿನಿಂದ ತಲೆ ಎತ್ತಿ, "ಒಲೆ ಉರೀತಿದೆ, ಬೀಜ ಹುರಿದಿಟ್ಟಿದೀನಿ, ಒರಳು ಅಲ್ಲಿದೆ. ಮಾಡ್ಕೊಳ್ಳಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. "ನಾನೇ ಮಾಡ್ಕೊಳ್ಳೋದಾದ್ರೆ ನಿಮಗ್ಯಾಕ್ರೀ ದುಡ್ಡು ಕೊಡ್ಬೇಕು?" ಅಂದೆ. ಅವರು ಒಂದಿಷ್ಟೂ ಅಲ್ಲಾಡದೆ, "ಕುಡಿದಾದ್ಮೇಲೆ ತೊಳೆಯೋದೂ ನೀವೇ ತಾಯಿ. ಹೇಳೋಕೆ ಮರ್ತಿದ್ದೆ" ಅಂದರು.

ಎದ್ದು ಬರಬೇಕಿತ್ತು, ಆದರೆ ಒಂದೇ ಚಪ್ಪಲಿ. ಸರಿ, ಕುಟ್ಟಿದೆ. ನೀರು ಇಟ್ಟೆ. ಕೈ ತಾನಾಗೇ ಗೋಡೆಯ ದೊಡ್ಡ ಪಾತ್ರೆಗೆ ಹೋಯಿತು, ಮನೆಮಂದಿಗೆಲ್ಲ ಮಾಡುವ ಪಾತ್ರೆ. ನೆಜೀಬ್ ನೋಡಿ, "ಯಾರ್ಯಾರು ಬರೋರಿದಾರೆ?" ಅಂದರು. ಯಾರೂ ಇಲ್ಲ ಅಂದೆ. "ಹಾಗಾದ್ರೆ ಒಬ್ಬರಿಗೆ ಮಾಡ್ಕೊಳ್ಳಿ. ನಿಮಗೆ ಹೇಗೆ ಇಷ್ಟವೋ ಹಾಗೆ." "ಎಲ್ಲರ ಹಾಗೇ" ಅಂದೆ. "ಎಲ್ಲರನ್ನ ನಾನು ಕೇಳ್ಲಿಲ್ಲ, ಝುಮ್ರೆತಾ ಅವರೇ. ನಿಮಗೆ ಹೇಗಿಷ್ಟ?"

ಅಕ್ಕಾ, ನನಗೆ ಉತ್ತರ ಗೊತ್ತಿರಲಿಲ್ಲ. ಅರವತ್ತಾರು ವರ್ಷದ ಹೆಂಗಸು ನಾನು. ರಾಸಿಮ್‌ಗೆ ಹೇಗಿಷ್ಟ ಕೇಳು, ಹೇಳುತ್ತೇನೆ. ಮಾವನಿಗೆ ಹೇಗೆ, ಶೆಫಿಕಾಳಿಗೆ ಹೇಗೆ, ನಿನಗೆ ಹೇಗೆ (ನೊರೆ ದಪ್ಪಗೆ, ಸಕ್ಕರೆ ಹರಳನ್ನು ಅದ್ದಿ ಕಚ್ಚಲು ಎರಡು), ನಮ್ಮ ಅಪ್ಪನ ಗೆಳೆಯ ಆ ಬೋಳುತಲೆಯ ಹಾಜಿಗೆ ಹೇಗೆ, ಸತ್ತವರದ್ದೂ ಬದುಕಿರುವವರದ್ದೂ ಎಲ್ಲ ನನ್ನ ತಲೆಯಲ್ಲಿದೆ. ನನ್ನದು ಮಾತ್ರ ಇಲ್ಲ. ಅಲ್ಲಿ ಒಲೆಯ ಮುಂದೆ ಖಾಲಿ ಪಾತ್ರೆ ಹಿಡಿದು ನಿಂತಿದ್ದೆ, ಕಣ್ಣಲ್ಲಿ ನೀರು ಬಂದುಬಿಟ್ಟಿತು. ಹೊಗೆ ಎಂದೆ. ಅತ್ತೆಯ ಕಷಾಯವನ್ನೇ ಮಾಡಿ, ಕುಡಿದು, ಬಟ್ಟಲು ಸಿಟ್ಟಿನಿಂದ ತೊಳೆದಿಟ್ಟು, ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ. ಇಂಥ ಕೊಬ್ಬಿನ ಅಂಗಡಿಗೆ ಇನ್ನು ಕಾಲಿಡುವುದಿಲ್ಲ ಎಂದು ಶೆಫಿಕಾಳಿಗೂ ಹೇಳಿದೆ.

ಅದೇ ವಾರ ಮತ್ತೆ ಹೋದೆ. ಚಪ್ಪಲಿ ಗಟ್ಟಿಯಾಗೇ ಇತ್ತು, ನೆಪವೂ ಇರಲಿಲ್ಲ. ಆ ಪ್ರಶ್ನೆ ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕೂತುಬಿಟ್ಟಿತ್ತು. ಆಮೇಲೆ ಹೋಗುತ್ತಲೇ ಇದ್ದೆ. ಒಂದು ದಿನ ಕಡಿಮೆ ಹುರಿದ ಬೀಜ ತೆಗೆದುಕೊಂಡೆ, ಒಂದು ದಿನ ತರಿತರಿಯಾಗಿ ಕುಟ್ಟಿದೆ, ಒಂದು ದಿನ ಕುದಿಸದೆ ಬಿಸಿನೀರು ಸುರಿದು ನೊರೆ ಎದ್ದ ತಕ್ಷಣ ಇಳಿಸಿದೆ. ಎಷ್ಟೋ ದಿನ ಕೆಟ್ಟುಹೋಯಿತು. ನೆರೆತ್ವಾ ಹೊಳೆಗೆ ಚೆಲ್ಲಿದೆ. ನೆಜೀಬ್ ಒಂದು ಮಾತು ಕಲಿಸಲಿಲ್ಲ. ನಾನು ಮುಖ ಸಿಂಡರಿಸಿದರೆ, "ನೆರೆತ್ವಾದ ಮೀನುಗಳಿಗೆ ಇವತ್ತೂ ನಿದ್ದೆಯಿಲ್ಲ" ಅನ್ನುತ್ತಿದ್ದರು, ಅಷ್ಟೇ. ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಅವರು ತಮ್ಮ ಮಧ್ಯಾಹ್ನದ ಊಟಕ್ಕೆ ಕಾಯಿಸಿಟ್ಟ ಹಾಲಿನ ಕೆನೆಯನ್ನು ನಾನು ಕೇಳದೇ ಒಂದು ಚಮಚ ತೆಗೆದು ಬಟ್ಟಲಿಗೆ ಹಾಕಿಕೊಂಡೆ. ಕಂದು ಬಣ್ಣದ ಬೀಜ, ಒಂದೇ ಉಕ್ಕು, ದಪ್ಪ ನೊರೆ, ಅದರ ಮೇಲೆ ಕೆನೆ, ಕಚ್ಚಿಕೊಳ್ಳಲು ಒಂದೇ ಹರಳು ಸಕ್ಕರೆ. ಬಾಯಿಗೆ ಇಟ್ಟೆ. ಇದು, ಇದೇ ನನ್ನದು, ಎಂದು ಗೊತ್ತಾಗಿಬಿಟ್ಟಿತು. ಯಾರೂ ಹೇಳಬೇಕಾಗಿರಲಿಲ್ಲ. ಅವತ್ತು ಅಳಲಿಲ್ಲ, ಗಟ್ಟಿಯಾಗಿ ನಕ್ಕೆ. ನೆಜೀಬ್, "ಸಿಕ್ತಾ?" ಅಂದರು. "ಸಿಕ್ತು" ಅಂದೆ. "ನನ್ನ ಕೆನೆ ಹೋಯ್ತು" ಅಂದರು.

ಒಂದು ಬಟ್ಟಲು ಕಾಫಿಗೆ ಇಷ್ಟೊಂದೇ ಅನ್ನುತ್ತೀಯ. ಆದರೆ ಒಂದು ಸಲ ನನಗೇನಿಷ್ಟ ಎಂದು ಕೇಳಿಕೊಂಡೆನಲ್ಲ, ಆಮೇಲೆ ಆ ಅಭ್ಯಾಸ ಬಿಡಲಿಲ್ಲ. ಮನೆಯ ಆ ಮಣ್ಣುಬಣ್ಣದ ಪರದೆಗಳನ್ನು ನಾನು ಯಾವತ್ತೂ ಇಷ್ಟಪಟ್ಟಿರಲೇ ಇಲ್ಲ ಎಂದು ಗೊತ್ತಾಯಿತು. ಕಿತ್ತು ಹಾಕಿ ಹಳದಿ ಬಟ್ಟೆ ತಂದು ನಾನೇ ಹೊಲಿದೆ. ಶೆಫಿಕಾ ಬೆಳಿಗ್ಗೆ ಎದ್ದ ಕೂಡಲೇ ಬಂದು ಕೂರುವುದು ನನಗೆ ಇಷ್ಟವಿಲ್ಲ ಎಂದು ಗೊತ್ತಾಯಿತು. ಹತ್ತು ಗಂಟೆಯ ಮೇಲೆ ಬಾ ಮಾರಾಯ್ತಿ ಅಂದೆ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೇ ದಿನ ಹತ್ತಕ್ಕೆ ಬಂದಳು. ಚಿಕ್ಕವಳಿದ್ದಾಗ ನಾನು ಸಿಳ್ಳೆ ಹಾಕುತ್ತಿದ್ದೆನಲ್ಲ, ಅಪ್ಪ ಬಾಯಿಯ ಮೇಲೆ ಎರಡು ಬೆರಳಲ್ಲಿ ತಟ್ಟಿ ಬಿಡಿಸಿದರಲ್ಲ, ಆಗಸ್ಟ್‌ನಲ್ಲಿ ಒಂದು ಸಂಜೆ ಸೇತುವೆಯ ನಡುವೆ ನಿಂತು ಹಾಕಿದೆ. ಮೊದಲು ಬರೀ ಗಾಳಿ ಬಂತು, ಆಮೇಲೆ ಬಂತು ನೋಡು! ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ನೋಡಲಿ ಬಿಡು.

ಆ ಅಂಗಡಿಗೆ ಈಗ ಸರಾಯೆವೊದಿಂದ ಹುಡುಗ ಹುಡುಗಿಯರು ಬರುತ್ತಾರೆ, ಎಲ್ಲೆಲ್ಲಿಂದಲೋ ಪರದೇಶದವರೂ ಬರುತ್ತಾರೆ. ಇಲ್ಲಿ ಯಾರೂ ಯಾರಿಗೂ ಕಾಫಿ ಮಾಡಿಕೊಡುವುದಿಲ್ಲ, ಇದು ಬದುಕಿನ ಪಾಠ, ಈ ಮುದುಕ ದೊಡ್ಡ ಜ್ಞಾನಿ ಎಂದೆಲ್ಲ ಫೋನಿನಲ್ಲಿ ಬರೆದು ಹಾಕುತ್ತಾರಂತೆ. ಒಂದು ದಿನ ಒಬ್ಬಳು ಹುಡುಗಿ ಅವರನ್ನೇ ಕೇಳಿದಳು, ಈ ಯೋಚನೆ ನಿಮಗೆ ಹೇಗೆ ಬಂತು ಎಂದು. ಅವರು ತಮ್ಮ ಬಲಗೈ ಎತ್ತಿ ಅವಳ ಮುಂದೆ ಹಿಡಿದರು. ಎಲೆ ಅಲುಗುವಂತೆ ನಡುಗುತ್ತಿತ್ತು. "ಯೋಚನೆನೂ ಇಲ್ಲ ಗೀಚನೆನೂ ಇಲ್ಲ ಮಗಳೇ. ಅಂಗಡಿ ತೆಗೆದ ಮೊದಲ ದಿನ ತಟ್ಟೆ ಹಿಡ್ಕೊಂಡು ಹೋಗಿ ಅಂಚೆಯವನ ತೊಡೆ ಮೇಲೆ ಸುರಿದೆ. ಎರಡನೇ ದಿನ ಮಸೀದಿಯ ಹೋಜಾ ಅವರ ನಿಲುವಂಗಿ ಮೇಲೆ. ಮೂರನೇ ದಿನ ಎಲ್ಲಾರಿಗೂ ಹೇಳ್ದೆ, ನಿಮ್ಮ ನಿಮ್ಮದು ನೀವೇ ಮಾಡ್ಕೊಳ್ಳಿ, ಊರು ಉಳೀಲಿ ಅಂತ." ಅವರೆಲ್ಲ ನಕ್ಕರು. ನಾನು ನಗಲಿಲ್ಲ. ಆ ನಡುಗುವ ಕೈಯನ್ನು ಮುಚ್ಚಿಟ್ಟುಕೊಳ್ಳದೆ ಹಾಗೆ ಎಲ್ಲರ ಮುಂದೆ ಎತ್ತಿ ಹಿಡಿದರಲ್ಲ, ಜ್ಞಾನಿ ಎನ್ನಿಸಿಕೊಂಡು ಸುಮ್ಮನಿರಬಹುದಾಗಿತ್ತಲ್ಲ, ಅದು ನನ್ನ ಮನಸ್ಸಿಗೆ ನಾಟಿತು. ಈ ಮನುಷ್ಯ ನನಗೆ ಇಷ್ಟ ಎಂದು ಅವತ್ತು ತಿಳಿಯಿತು. ಬರೆದುಬಿಟ್ಟೆ ನೋಡು.

ಒಂದು ತೊಂದರೆಯಿದೆ, ಅವರಿಗೆ ಸಕ್ಕರೆ ಕಾಯಿಲೆ. ಹೀಗೇ ನಡೆದರೆ ಕಾಲಿನ ಬೆರಳು ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದಾರೆ. ಈ ಮಹಾರಾಯರು ಕಟ್ಟಿಗೆ ರಾಶಿಯ ಹಿಂದೆ ಲೊಕುಮ್ ಮಿಠಾಯಿಯ ಪೆಟ್ಟಿಗೆ ಬಚ್ಚಿಟ್ಟುಕೊಂಡು ತಿನ್ನುತ್ತಿದ್ದರು. ನಾನು ಪತ್ತೆಹಚ್ಚಿ, ಬೈದು, ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿ ಸೆನಾದಾಳ ಮಕ್ಕಳಿಗೆ ಕೊಟ್ಟೆ. ಬೇಸಿಗೆಯೆಲ್ಲ ಇದೇ ಜಗಳ. ಅವರು ಬಚ್ಚಿಡುವುದು, ನಾನು ಹುಡುಕುವುದು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ ನಾನು ಬಟ್ಟಲು ತೊಳೆಯುತ್ತಿರುವಾಗ ಪಕ್ಕ ಬಂದು ನಿಂತು, "ಭಾನುವಾರ ಮನೇಲಿರ್ತೀರಾ?" ಅಂದರು. ಇರುತ್ತೇನೆ ಅಂದೆ. "ಬರಬಹುದಾ?" ಅಂದರು. ಬನ್ನಿ ಅಂದೆ. ಅಷ್ಟೇ ಮಾತು. ಗಂಡು ಒಂಟಿಯಾಗಿ, ಕ್ಷೌರ ಮಾಡಿಸಿಕೊಂಡು, ಹ್ಯಾಟು ಹಾಕಿಕೊಂಡು, ಕಾಫಿ ಬೀಜದ ಪೊಟ್ಟಣ ಹಿಡಿದು ಒಂಟಿ ಹೆಂಗಸಿನ ಮನೆಗೆ ಬಂದರೆ ಏನರ್ಥ ಎಂದು ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ಬಾಯಿಬಿಟ್ಟು ಉತ್ತರ ಕೊಡಬೇಕಾಗಿಯೂ ಇಲ್ಲ. ಬಟ್ಟಲಲ್ಲಿ ಸಕ್ಕರೆಯಿದ್ದರೆ ಒಪ್ಪಿಗೆ, ಇಲ್ಲದಿದ್ದರೆ ಹೋಗಿ ಬನ್ನಿ.

ರಾಸಿಮ್ ಬಂದ ದಿನ ನೆನಪಿದೆಯಾ? ಅಪ್ಪ ಕಣ್ಣಲ್ಲೇ ಸನ್ನೆ ಮಾಡಿದರು, ಅಮ್ಮ ನಿನ್ನ ಕಡೆ ನೋಡಿದಳು, ನೀನು ಅಡುಗೆಮನೆಯಲ್ಲಿ ಬಟ್ಟಲಿಗೆ ಸಕ್ಕರೆ ಹಾಕಿ ಕಲಕಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟೆ. ನಾನು ಒಯ್ದೆ. ಅವನು ಕುಡಿದು ನಕ್ಕಾಗಲೇ ನಾನು ಒಪ್ಪಿದ್ದೇನೆ ಎಂದು ನನಗೆ ತಿಳಿದದ್ದು. ನಿನ್ನ ಮೇಲೆ ದೂರು ಹೇಳುತ್ತಿಲ್ಲ. ನಿನಗೂ ಹಾಗೇ ಆಗಿತ್ತು, ನಿನಗೆ ಮುರಾದಿಫ್ ಭಾವನಂಥವನು ಸಿಕ್ಕಿದ್ದು ಪುಣ್ಯ. ಆ ಕಾಲವೇ ಹಾಗಿತ್ತು. ಆದರೆ ಈ ಸಲ ನಮ್ಮ ಮನೆಯಲ್ಲಿ ಸನ್ನೆ ಮಾಡುವವರಿಲ್ಲ, ಕಲಕಿಕೊಡುವವರಿಲ್ಲ. ವಾರವೆಲ್ಲ ಅದೇ ಯೋಚನೆ. ಹೋದ ವರ್ಷ ಫೋನಿನಲ್ಲಿ ಆ ದರ್ಜಿಯ ವಿಧವೆ ಮತ್ತೆ ಮದುವೆಯಾದಳೆಂದು ಹೇಳಿದಾಗ ನೀನು, "ಆ ವಯಸ್ಸಿಗೆ ನಾಚಿಕೆ ಆಗಲ್ವಾ ಅವಳಿಗೆ?" ಅಂದಿದ್ದೆ. ಅದೂ ತಲೆಯಲ್ಲಿ ಕೊರೆಯುತ್ತಿತ್ತು. ಆದರೂ ಶನಿವಾರ ಸಂಜೆಯ ಹೊತ್ತಿಗೆ ನನಗೆ ನನ್ನ ಉತ್ತರ ಗೊತ್ತಿತ್ತು. ಹೂಂ ಎನ್ನುವುದು. ಮನಸ್ಸು ತುಂಬಿ ಹೂಂ ಎನ್ನುವುದು.

ಭಾನುವಾರ ಬಂದರು. ಕ್ಷೌರದಲ್ಲಿ ಗದ್ದದ ಮೇಲೆ ಗಾಯ ಮಾಡಿಕೊಂಡಿದ್ದರು, ಪಾಪ, ಆ ಕೈ. ಶೆಫಿಕಾ ಹಿಂದೆಯೇ ಉಪ್ಪು ಕೇಳಲು ಬಂದವಳು ಕೂತೇ ಬಿಟ್ಟಳು. ನಾನು ಅವರು ತಂದ ಬೀಜವನ್ನೇ ಕುಟ್ಟಿದೆ. ನನ್ನ ಜೀವನದಲ್ಲಿ ಅಂಥ ಕಾಫಿ ಮಾಡಿಲ್ಲ ಅಕ್ಕಾ, ನೊರೆ ಬೆರಳು ದಪ್ಪ ನಿಂತಿತ್ತು. ಇನ್ನು ಮೇಲೆ ಈ ಮನುಷ್ಯನ ಆರೋಗ್ಯ ನೋಡಿಕೊಳ್ಳುವವಳು ನಾನೇ, ಆ ಬೆರಳುಗಳಲ್ಲಿ ಒಂದೂ ಹೋಗಬಾರದು ಎಂದುಕೊಳ್ಳುತ್ತಾ, ಅಷ್ಟು ಅಕ್ಕರೆಯಿಂದ, ಒಂದು ಕಣ ಸಕ್ಕರೆ ಹಾಕಲಿಲ್ಲ. ಪಕ್ಕದಲ್ಲಿ ಹರಳನ್ನೂ ಇಡಲಿಲ್ಲ. ವಾರವೆಲ್ಲ ಸಕ್ಕರೆಯದೇ ಯೋಚನೆ ಮಾಡಿದವಳಿಗೆ ಆ ಗಳಿಗೆಯಲ್ಲಿ ಅವರ ಕಾಯಿಲೆ ಮಾತ್ರ ನೆನಪಿತ್ತು, ಪದ್ಧತಿ ಮರೆತೇಹೋಗಿತ್ತು! ಬಟ್ಟಲನ್ನು ಅವರು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದರು. ಬಟ್ಟಲನ್ನು ನೋಡಿದರು. ಆಮೇಲೆ ಒಂದು ತೊಟ್ಟೂ ಬಿಡದೆ ಪೂರ್ತಿ ಕುಡಿದು, "ಕಾಫಿ ತುಂಬಾ ಚೆನ್ನಾಗಿತ್ತು. ಚೆನ್ನಾಗಿರಿ" ಎಂದು ಹೇಳಿ, ಹ್ಯಾಟು ಹಾಕಿಕೊಂಡು ಹೋದರು. ನಾಚಿಕೊಂಡರು ಪಾಪ ಎಂದು ನಾನು ಬಾಗಿಲಲ್ಲಿ ನಗುತ್ತಾ ನಿಂತಿದ್ದೇನೆ! ಶೆಫಿಕಾ ತಳದ ಗಸಿ ನೋಡಿ, ನಾಲಿಗೆಗೆ ತಾಗಿಸಿ, "ಅಯ್ಯೋ ಕಟುಕಿ! ಬೇಡ ಅನ್ನೋದನ್ನ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೇನೇ? ಒಂದು ಮಾತು ಸಮಾಧಾನವಾಗಿ ಆಡಬಾರದಿತ್ತಾ?" ಅಂದಳು. ಆಗ ನನಗೆ ಹೊಳೆಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತೆ.

ಏನು ಮಾಡಲಿ ಹೇಳು. ಓಡಿಹೋಗಿ ಕರೆಯಲೇ? ಹೆಣ್ಣು ಹಿಂದೆ ಹೋಗಿ ವಿವರಿಸಿದ ಉದಾಹರಣೆ ನಮ್ಮ ವಂಶದಲ್ಲಿದೆಯೇ? ಕೆಲವು ದಿನ ಮನೆ ಬಿಟ್ಟು ಹೊರಡಲಿಲ್ಲ. ಊಟ ಸೇರಲಿಲ್ಲ. ಶೆಫಿಕಾ ಇಡೀ ಓಣಿಗೆ ಸುದ್ದಿ ಹಂಚಿಯಾಗಿತ್ತು. ಬಂದವರೆಲ್ಲ, "ಒಳ್ಳೇದೇ ಮಾಡ್ದೆ ಬಿಡು, ಈ ವಯಸ್ಸಲ್ಲಿ ಯಾಕೆ ಬೇಕು ಅದೆಲ್ಲ" ಎಂದು ಬೆನ್ನು ತಟ್ಟಿ ಹೋದರು. ಸುಮ್ಮನಿದ್ದುಬಿಟ್ಟರೆ ಅದೇ ನನ್ನ ಉತ್ತರವಾಗಿ ಉಳಿಯುತ್ತಿತ್ತು, ಎಲ್ಲರಿಗೂ ಸಮಾಧಾನವೂ ಆಗುತ್ತಿತ್ತು. ಒಂದು ಬೆಳಿಗ್ಗೆ ನನ್ನ ಕೆನೆ ಕಾಫಿ ಮಾಡಿಕೊಂಡು ಕೂತೆ, ರುಚಿಸಲಿಲ್ಲ. ಒಂದು ಸಲ ಬೇರೆಯವರು ಕಲಕಿದ ಬಟ್ಟಲು ಹೇಳಿದಂತೆ ನಡೆದೆ, ಈ ಸಲ ತಪ್ಪಿ ಕೊಟ್ಟ ಬಟ್ಟಲು ಹೇಳಿದಂತೆ ನಡೆಯಲೇ ಎನ್ನಿಸಿತು. ಎದ್ದೆ. ತಲೆಗೆ ಆ ಹಸಿರು ಶಾಲು ಸುತ್ತಿಕೊಂಡು ನಡೆದೆ.

ಅಂಗಡಿ ತುಂಬಿತ್ತು. ನೆಜೀಬ್ ಮರ್ಯಾದೆಯಿಂದ, ಹೊಸಬರಿಗೆ ಹೇಳುವಂತೆ, "ಬನ್ನಿ, ಒಲೆ ಉರೀತಿದೆ" ಅಂದರು. ಮುಖ ನೋಡಲಿಲ್ಲ. ನಾನು ಕುಟ್ಟಿದೆ, ನೀರಿಟ್ಟೆ, ನೊರೆ ಎಬ್ಬಿಸಿದೆ, ಬಟ್ಟಲಿಗೆ ಸುರಿದು ಎತ್ತಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಸರಾಯೆವೊದ ಒಬ್ಬಳು ಹುಡುಗಿ ಒಳ್ಳೆಯ ಮನಸ್ಸಿನಿಂದಲೇ, "ಅಜ್ಜೀ, ಇಲ್ಲಿ ಬೇರೆಯವರಿಗೆ ಮಾಡಿಕೊಡೋ ಹಾಗಿಲ್ಲ" ಅಂದಳು. "ನೀನು ಕೂತ್ಕೋ ಮಗಳೇ," ಅಂದೆ, "ಇವರು ನನಗೆ ಬೇರೆಯವರಲ್ಲ." ಅಂಗಡಿಯೆಲ್ಲ ನನ್ನ ಕಡೆ ತಿರುಗಿತು. ತಿರುಗಿದರೆ ತಿರುಗಲಿ, ಬಾಯಿ ತೆರೆದಾಗಿತ್ತು. "ನಿಮ್ಮ ಕಾಲ್ಬೆರಳಿಗೆ ಹೆದರಿ ಸಕ್ಕರೆ ಹಾಕ್ಲಿಲ್ಲ ಕಣ್ರೀ, ಬೇಡ ಅನ್ನೋಕಲ್ಲ! ಬೇಸಿಗೆಯೆಲ್ಲ ಲೊಕುಮ್ ಕಿತ್ಕೊಂಡವಳು ನಾನು, ಅಷ್ಟೂ ತಿಳಿಬಾರದಾ?" ಆಗ ಅವರು ನನ್ನ ಮುಖ ನೋಡಿದರು. "ಅಂಗಡೀಲಿ ಕಿತ್ಕೊಂಡ್ರೆ ತಿಳಿಯುತ್ತೆ. ಹ್ಯಾಟು ಹಾಕ್ಕೊಂಡು ಬಂದೋನಿಗೆ ಕಹಿ ಕೊಟ್ರೆ ಏನಂತ ತಿಳ್ಕೊಳ್ಲಿ? ಒಂದು ಹರಳು ಹಾಕಿದ್ರೆ ಸತ್ತೋಗ್ತಿದ್ನಾ?" "ಸಾಯ್ಬಾರದು ಅಂತಲೇ ಹಾಕ್ಲಿಲ್ಲ!" ಎಂದು ನಾನು ಕೂಗಿದೆ, ಕೂಗುತ್ತಲೇ ಅತ್ತೆ. ಅವರೂ ಅತ್ತರು, ಮುಚ್ಚಿಕೊಳ್ಳಲಿಲ್ಲ. ನಾನು ಸಕ್ಕರೆ ಹರಳನ್ನು ಹಲ್ಲಿನಿಂದ ಮುರಿದು ಅರ್ಧವನ್ನು ಅವರ ಬಟ್ಟಲಿಗೆ ಹಾಕಿ ಕಲಕಿದೆ. ಅರ್ಧ ಮಾತ್ರ, ಡಾಕ್ಟರಿಗೆ ಬೇಕಾದರೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಅವರು ಕುಡಿದರು. ಕಾಲುಭಾಗ ತಟ್ಟೆಗೆ ಚೆಲ್ಲಿತು. ಆ ಮಕ್ಕಳು ಚಪ್ಪಾಳೆ ತಟ್ಟಿದವು, ಅವಕ್ಕೇನು.

ಇಷ್ಟು ಸುದ್ದಿ. ಮೆಣಸಿನಕಾಯಿ ಜಾಡಿ ಎರಡು, ಪ್ಲಮ್ ಮುರಬ್ಬ ಒಂದು, ನಿನ್ನ ಮೊಮ್ಮಕ್ಕಳಿಗೆ ಉಣ್ಣೆಯ ಕಾಲುಚೀಲ ಈ ಕಾಗದದ ಜೊತೆ ಬಸ್ಸಿನವನ ಕೈಲಿ ಕಳಿಸುತ್ತಿದ್ದೇನೆ. ಜಾಡಿಯ ಮುಚ್ಚಳ ಸೊಸೆಗೆ ತೆಗೆಯಲು ಬರುವುದಿಲ್ಲ, ಬಿಸಿನೀರಲ್ಲಿಡು. ಮಂಡಿಗೆ ಎಲೆಕೋಸಿನ ಎಲೆ ಕಟ್ಟು, ನಗಬೇಡ, ಶೆಫಿಕಾಳಿಗೆ ಕಡಿಮೆಯಾಗಿದೆ. ಮಕ್ಕಳಿಗೆಲ್ಲ ನನ್ನ ಸೆಲಾಮ್ ಹೇಳು. ದೇವರು ನಿನ್ನ ಕಣ್ಣಿನ ಬೆಳಕನ್ನೂ ನಾಲಿಗೆಯ ರುಚಿಯನ್ನೂ ಕಾಪಾಡಲಿ, ನಿನ್ನ ಬೈಗುಳ ಕೇಳುವ ಭಾಗ್ಯ ನನಗೆ ಇನ್ನೂ ಬಹಳ ಕಾಲ ಇರಲಿ.

ನಿನ್ನ ತಂಗಿ
ಝುಮ್ರೆತಾ

ಇನ್ನೊಂದು ಮಾತು: ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ನಿಂತೇ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದೂ ಹೇಳಲು ಹೆದರಿ ಸುತ್ತು ಹಾಕಿದೆ. ನವೆಂಬರ್ ಮೊದಲ ಶನಿವಾರ ನಿಕಾಹ್. ನಿನ್ನ ಒಪ್ಪಿಗೆ ಕೇಳೋಣ ಎಂದು ಕಾಗದ ಶುರುಮಾಡಿದ್ದೆ, ಬರೆಯುತ್ತಾ ಬರೆಯುತ್ತಾ ಅದು ಬೇಡ ಎನ್ನಿಸಿತು. ಒಪ್ಪಿಗೆ ಕೇಳುತ್ತಿಲ್ಲ ಅಕ್ಕಾ, ನೀನೇ ಬೇಕು ಎಂದು ಕೇಳುತ್ತಿದ್ದೇನೆ. ಭಾವನನ್ನು ಮಣ್ಣು ಮಾಡಿ ಮಗನ ಊರಿಗೆ ಬಸ್ಸು ಹತ್ತುವಾಗ ನೀನು, "ಈ ಊರಲ್ಲಿ ನನಗೆ ಇನ್ನೇನಿದೆ?" ಅಂದೆ. ನಾನು ಬಸ್ಸಿನ ಪಕ್ಕದಲ್ಲೇ ನಿಂತಿದ್ದೆ. ಈಗ ಹೇಳುತ್ತೇನೆ, ನಾನಿದ್ದೇನೆ. ಇದೇ ಡ್ರೈವರ್ ತಿಂಗಳ ಕೊನೆಗೆ ಅಲ್ಲಿಂದ ವಾಪಸು ಹೊರಡುತ್ತಾನೆ. ಕಾಲು ಚಾಚಲು ಜಾಗವಿರುವ ಮುಂದಿನ ಸೀಟನ್ನು ನಿನ್ನ ಹೆಸರಿಗೆ ಹಿಡಿದಿಟ್ಟಿದ್ದೇನೆ. ನನಗೆ ಇದು ಬೇಕು. ಬಾ.